ಮಿರ್ಚಿ ಭಜಿ ಪಣಕ್ಕಿಟ್ಟ ಮೇಲೆ ನಮ್ಮ ಚರ್ಚೆ ದಾರಿಗೆ ಬಂತು

"ಸಂಗತಿ ಯಾವುದು, ಅಭಿಪ್ರಾಯ ಯಾವುದು ಅಂತ ಎಂಟನೇ ಕ್ಲಾಸಿನ ಹುಡುಗರಿಗೂ ಗೊತ್ತದ. ಅದಕ್ಕ ಭಜಿ ಯಾಕ್ರಿ ಸರ?" ಅಂತ ಚರ್ಚಾಕೂಟ ನಡೆಸುವ ಗೆಳೆಯರು ನಕ್ಕಿದ್ದರು. ಹೇಳಿದ್ದು ಸಂಗತಿಯೋ ಅಭಿಪ್ರಾಯವೋ ಅಂತ ಬೇರೆ ಮಾಡಲು ನಮ್ಮ ಚರ್ಚೆಯಲ್ಲಿ ಮಿರ್ಚಿ ಭಜಿ ಪಣ ಕಟ್ಟುತ್ತೇವೆ, ಅದಕ್ಕೆ ಆ ನಗು. ಈಗ ಅವರಲ್ಲೇ ಇಬ್ಬರು ತಮ್ಮ ಕಾಲೇಜಿನಲ್ಲಿ ಇದನ್ನೇ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಬಾಡಿಗೆ ಕೋಣೆ. ಭಾನುವಾರ ಸಂಜೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಗಂಜಿನ (ಧಾನ್ಯದ ಮಾರುಕಟ್ಟೆಯ) ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಒಂದಿಬ್ಬರು ರೈತರು ಸೇರುತ್ತಾರೆ.

ಮೊದಲು ಬಣ್ಣದ ಚೀಟಿ ಮಾಡಿಸಿದೆ. ಸಂಗತಿಗೆ ಹಳದಿ, ಅಭಿಪ್ರಾಯಕ್ಕೆ ಗುಲಾಬಿ. ಪ್ರಿಂಟಿಗೆ ಎರಡು ಸಾವಿರದ ಹತ್ತಿರ ಹೋಯಿತು. ಆಗಿದ್ದೇನು? ತಮ್ಮ ಮಾತಿಗೆಲ್ಲ ಹಳದಿ, ಎದುರಿನವರ ಮಾತಿಗೆಲ್ಲ ಗುಲಾಬಿ. ಇದು ನಮ್ಮವರ ಚಾಳಿ ಮಾತ್ರ ಅಲ್ಲ. 2018ರಲ್ಲಿ ಅಮೆರಿಕದ ಪ್ಯೂ ಅನ್ನುವ ಸಮೀಕ್ಷಾ ಸಂಸ್ಥೆ ಐದು ಸಂಗತಿ, ಐದು ಅಭಿಪ್ರಾಯ ಕೊಟ್ಟು ಜನರನ್ನು ಕೇಳಿತ್ತು. ಐದೂ ಸಂಗತಿಗಳನ್ನು ಸರಿಯಾಗಿ ಗುರುತಿಸಿದವರು ನೂರಕ್ಕೆ 26 ಮಂದಿ. ಅಲ್ಲೂ ತಮ್ಮ ಪಕ್ಷಕ್ಕೆ ಹಿತವಾದ ಮಾತು ಜನರಿಗೆ ಸಂಗತಿಯಾಗಿಯೇ ಕಂಡಿತ್ತು.

ಆಮೇಲೆ ಒಬ್ಬನ ಕೈಗೆ ಮೊಬೈಲ್ ಕೊಟ್ಟು, ಹೇಳಿದ್ದನ್ನು ಅಲ್ಲೇ ಹುಡುಕು ಅಂದೆ. ಅವನು ಹುಡುಕಿದ, ನಾವು ಸುಮ್ನೆ ಕೂತೆವು. ಚರ್ಚೆ ಸತ್ತೇ ಹೋಯಿತು.

ಮೂರನೇದು ಹತ್ತು ರೂಪಾಯಿ ಪಣ. ಬಾಯಿಗೆ ಬಂದಿದ್ದನ್ನು ಹೇಳುವುದು ಒಂದೇ ವಾರದಲ್ಲಿ ಕಡಿಮೆಯಾಯಿತು. ಆದರೆ ಒಬ್ಬ ಹುಡುಗನ ತಂದೆ ಬಂದು "ಇದು ಜೂಜು ಅಲ್ಲೇನ್ರಿ?" ಅಂದರು. ಡಬ್ಬದಲ್ಲಿದ್ದ ನಾನೂರು ಚಿಲ್ಲರೆ ರೂಪಾಯಿ ಹಂಚಿ ವಾಪಸ್ ಕೊಟ್ಟೆ. ದುಡ್ಡಿನ ಬದಲು ಹುಣಸೆ ಬೀಜ ಇಟ್ಟೆವು. ಬೀಜ ಹೋದರೆ ಯಾರ ಹೊಟ್ಟೆಯೂ ಉರಿಯಲಿಲ್ಲ. ಕೊನೆಗೆ ಮಿರ್ಚಿ ಭಜಿ. ಸೋತವರು ಒಂದು ಪ್ಲೇಟ್ ತರಬೇಕು, ಎಲ್ಲರೂ ತಿನ್ನಬೇಕು. ಪ್ಲೇಟಿಗೆ ಮೂವತ್ತು ರೂಪಾಯಿ ಆಸುಪಾಸು. ಇದನ್ನು ಜೂಜು ಅಂತ ಯಾರೂ ಅನ್ನಲಿಲ್ಲ. ಆ ತಂದೆಯೇ ಒಮ್ಮೆ ಬಂದು ತಿಂದು ಹೋದರು.

ನಿಯಮ ಇಷ್ಟೆ. ಯಾರಾದರೂ "ಪಣ" ಅಂದರೆ, ಮಾತಾಡಿದವರು ಒಂದೋ ಭಜಿ ಕಟ್ಟಬೇಕು, ಇಲ್ಲವೇ "ನನಗೆ ಹಂಗ ಅನಸ್ತದ" ಅಂತ ಬದಲಿಸಿಕೊಳ್ಳಬೇಕು. ಕಟ್ಟುವ ಮುಂಚೆ, ಯಾವ ಕಾಗದ ತಂದರೆ ಸೋಲು ಒಪ್ಪುತ್ತೇವೆ ಅಂತ ಇಬ್ಬರೂ ಹೇಳಬೇಕು. ಎಲ್ಲಾ ಕೆಲಸ ಆಗುವುದು ಇಲ್ಲೇ. ಅದು ಒಮ್ಮತವಾಗದಿದ್ದರೆ ಪಣ ಇಲ್ಲ.

ತೊಗರಿ ಚರ್ಚೆಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. "2024–25ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ" ಅನ್ನುವುದಕ್ಕೆ ಪಣ ಕಟ್ಟಬಹುದು. "ಅದು ಸಾಲಲ್ಲ" ಅನ್ನುವುದಕ್ಕೆ ಆಗುವುದಿಲ್ಲ. ಹಾಗಂತ ರೈತನ ಆ ಮಾತು ಪೊಳ್ಳಲ್ಲ. ಬಿಚ್ಚಿದರೆ ಒಳಗೆ ಬೀಜ, ಔಷಧಿ, ಕೂಲಿ, ಎಕರೆಗೆ ಬಂದ ಚೀಲ ಎಲ್ಲ ಇವೆ. ಒಂದೊಂದಕ್ಕೂ ಪಣ ಕಟ್ಟಿದೆವು. ಅವರು ಬಿಲ್ಲುಗಳ ಚೀಲವನ್ನೇ ತಂದು ಸುರಿದರು. ಅಂದು ಭಜಿ ತಂದವರು ಗಂಜಿನ ಹುಡುಗರು.

ಕಾರಣ ಹೇಳುವ ಮಾತುಗಳು ಇನ್ನೂ ಕಷ್ಟ. 2022ರಲ್ಲಿ ನಮ್ಮ ಕಡೆ ತೊಗರಿಗೆ ಗಿಡ ಬಾಡಿ ಒಣಗುವ ನೆಟೆ ರೋಗ ಬಂತಲ್ವಾ? ಒಬ್ಬರು ಬೀಜದ ತಪ್ಪು ಅಂದರು, ಒಬ್ಬರು ಮಳೆ ಅಂದರು, ಇನ್ನೊಬ್ಬರು ಪ್ರತಿ ವರ್ಷ ಅದೇ ಹೊಲಕ್ಕೆ ಅದೇ ಬೆಳೆ ಬಿತ್ತಿದ್ದಕ್ಕೆ ಅಂದರು. ರೋಗ ತರುವುದು ಮಣ್ಣಿನ ಶಿಲೀಂಧ್ರ, ಅದು ವರ್ಷಗಟ್ಟಲೆ ಮಣ್ಣಲ್ಲೇ ಇರುತ್ತದೆ. ಇದಕ್ಕೆ ಪಣ ಸುಲಭ. ಆದರೆ "ನನ್ನ ಹೊಲಕ್ಕ ಇದರಿಂದಲೇ ಬಂತು" ಅನ್ನುವುದಕ್ಕೆ ಯಾವ ಕಾಗದ ತರುವುದು? ಇಂಥವಕ್ಕೆ ಬೇರೆ ರಾಶಿ ಮಾಡಿದ್ದೇವೆ. ಈಗ ಅದೇ ಎಲ್ಲಕ್ಕಿಂತ ದೊಡ್ಡ ರಾಶಿ.

ನಡುವೆ ಇನ್ನೊಂದು ಮಜಾ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇದೇ ಊರಿನದು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಅದರಲ್ಲಿ ತಕರಾರಿಲ್ಲ. "ನಮ್ಮ ಬೇಳಿ ರುಚಿ ಯಾವುದಕ್ಕೂ ಇಲ್ಲ" ಅನ್ನುವುದು ಅವರವರ ನಾಲಿಗೆ. ಆದರೆ ಒಬ್ಬ ಹುಡುಗಿ "ಕಣ್ಣು ಮುಚ್ಚಿ ತಿಂದ್ರೂ ಗುರುತಿಸ್ತೀನಿ" ಅಂದಳು. ಅದಕ್ಕೆ ಪಣ ಕಟ್ಟಬಹುದಲ್ವಾ? ಊರಿನ ಬೇಳೆ, ಹೊರಗಿನ ಬೇಳೆ ಬೇರೆ ಬೇರೆ ಬೇಯಿಸಿ ಕೊಟ್ಟೆವು. ಅವಳು ಗೆದ್ದಳು. ಅವಳ ಜೊತೆ ಎದೆ ತಟ್ಟಿಕೊಂಡವರಲ್ಲಿ ಅರ್ಧದಷ್ಟು ಜನ ತಪ್ಪಿದರು. ಬೇಳೆ, ಗ್ಯಾಸು ಎಲ್ಲ ನನ್ನ ಕಿಸೆಯಿಂದ.

ಎದುರಿನವರ ವಾದವನ್ನು ಅವರೇ ತಲೆದೂಗುವ ಹಾಗೆ ಹೇಳಿ, ಆಮೇಲೆ ಉತ್ತರ ಕೊಡುವ ಪೂರ್ವಪಕ್ಷದ ಪದ್ಧತಿ ಗೊತ್ತಲ್ಲ. ಅದನ್ನು ಶುರುವಿನಿಂದಲೇ ಹಾಕಿದ್ದಾಗ ಎಂಟಕ್ಕೆ ಮುಗಿಯುವುದು ಹತ್ತಾಯಿತು, ದೂರದವರು ಬಸ್ಸಿಗೆ ಎದ್ದು ಹೋದರು. ಈಗ ಕೊನೆಯ ಸುತ್ತಿಗೆ ಮಾತ್ರ. ಮೊದಲು ಯಾರನ್ನು ಮಾತಿಗೆ ಎಬ್ಬಿಸಬೇಕು ಅನ್ನುವುದರಲ್ಲಿ ನನ್ನದೊಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ.

ನೀವೂ ಶುರು ಮಾಡುವುದಾದರೆ, ಜಾತಿ, ಚುನಾವಣೆ ಮೊದಲ ತಿಂಗಳಲ್ಲಿ ಬೇಡ. ತೊಗರಿಯಿಂದ ಶುರು ಮಾಡಿ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ಇರುವ 371ಜೆ ಮೀಸಲಾತಿಗೆ ಬನ್ನಿ, ಆಮೇಲೆ ಉಳಿದದ್ದು. ಇಪ್ಪತ್ತು ಜನ ದಾಟಿದರೆ ಎರಡು ಗುಂಪು ಮಾಡಿ. ಇಲ್ಲದಿದ್ದರೆ ಹಿಂದೆ ಕೂತವರು ಬರೀ ಭಜಿ ತಿನ್ನಲು ಬರುತ್ತಾರೆ.