ಅಟ್ಟ ಸೇರಿದ ಟಿವಿ ಗೇಮ್‌ಗೆ ಸ್ಟೀರಿಯೊ ದನಿ ಕೊಡುವುದು ಹೇಗೆ?

ಲಿಟಲ್ ಮಾಸ್ಟರ್, ಮೀಡಿಯಾ, ಟರ್ಮಿನೇಟರ್ ಎಂಬ ಹೆಸರುಗಳಲ್ಲಿ ಬಂದ ಟಿವಿ ಗೇಮ್ ಡಬ್ಬಿಗಳು ನಮ್ಮ ಭಾಗದ ಮನೆಗಳ ಅಟ್ಟದ ಮೇಲೆ ಇನ್ನೂ ಸಿಗುತ್ತವೆ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಂ ಯಂತ್ರದ ನಕಲುಗಳಿವು. ಧೂಳು ಒರೆಸಿ ಹಚ್ಚಿದರೆ ಚಿತ್ರವೇನೋ ಬರುತ್ತದೆ. ದನಿ ಮಾತ್ರ ಗೊಗ್ಗರು, ಹಿಂದೆ ಸದಾ ಗುಂಯ್ ಎನ್ನುವ ಸದ್ದು. ಇದಕ್ಕೆ ಬಹಳ ಜನ ಚಿಪ್ಪನ್ನೇ ದೂರುತ್ತಾರೆ. ಅದು ತಪ್ಪು. ಒಳಗಿನ ಚಿಪ್ ಐದು ದನಿಗಳನ್ನು ಚೊಕ್ಕವಾಗಿಯೇ ಹೊರಡಿಸುತ್ತದೆ: ರಾಗಕ್ಕೆ ಎರಡು ಪಲ್ಸ್, ಮಂದ್ರಕ್ಕೆ ಒಂದು ಟ್ರಯಾಂಗಲ್, ಸ್ಫೋಟ-ತಾಳಗಳಿಗೆ ಒಂದು ನಾಯ್ಸ್, ಧ್ವನಿಮುದ್ರಿತ ತುಣುಕುಗಳಿಗೆ ಇನ್ನೊಂದು. ಕೆಡುವುದೆಲ್ಲ ಚಿಪ್‌ನಿಂದ ಟಿವಿಗೆ ಹೋಗುವ ದಾರಿಯಲ್ಲಿ. ಹಾಗಾಗಿ ದನಿಯನ್ನು ಚಿಪ್‌ನ ಎರಡು ಕಾಲುಗಳಿಂದಲೇ ಬೇರೆ ಬೇರೆಯಾಗಿ ಎತ್ತಿಕೊಂಡು, ಎಡ-ಬಲವಾಗಿ ನೇರ ಸ್ಪೀಕರ್‌ಗೆ ಒಯ್ಯಬೇಕು. ಅದಕ್ಕೂ ಮೊದಲು ಕರೆಂಟಿನ ದಾರಿ ಸರಿಯಾಗಬೇಕು. ಈ ಕ್ರಮ ತಪ್ಪಿಸಬೇಡಿ.

ಬಿಚ್ಚುವ ಮೊದಲು

ಆಂಟೆನಾ ತಂತಿಯಲ್ಲಿ ಹಚ್ಚಿದಾಗ ಚಿತ್ರ ಸ್ವಚ್ಛವಿದ್ದು ದನಿಯ ಬದಲು ಬರೀ ಸುಯ್ ಎನ್ನುತ್ತಿದ್ದರೆ ಡಬ್ಬಿ ಕೆಟ್ಟಿಲ್ಲ. ನಮ್ಮ ಟಿವಿಗಳು ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ ದನಿಯನ್ನು ಹುಡುಕುತ್ತವೆ. ಚೀನಾದ ಪದ್ಧತಿಗೆ ಮಾಡಿದ ಡಬ್ಬಿ 6.5ರಲ್ಲಿ ಕಳಿಸುತ್ತದೆ. ಟಿವಿ ಮೆನುವಿನಲ್ಲಿ ಸೌಂಡ್ ಸಿಸ್ಟಮ್ ಅನ್ನು ಬಿ/ಜಿ ಬದಲು ಡಿ/ಕೆ ಮಾಡಿದರೆ ದನಿ ಬಂದುಬಿಡುತ್ತದೆ.

ಇನ್ನು ಗುಂಯ್ ಸದ್ದಿನ ಜಾತಿ ಗುರುತಿಸಿ. ಪರದೆಯ ಮೇಲೆ ಏನೇ ಇರಲಿ ಸದ್ದು ಒಂದೇ ಸಮ ಇದ್ದರೆ ಅದು ಕರೆಂಟಿನದು. ಪರದೆ ಬೆಳ್ಳಗಾದಾಗ ಹೆಚ್ಚಿ, ಕಪ್ಪಾದಾಗ ತಗ್ಗಿದರೆ ಚಿತ್ರದ ಸಂಕೇತ ದನಿಯೊಳಗೆ ಸೋರುತ್ತಿದೆ ಎಂದರ್ಥ. ಮೊದಲನೆಯದಕ್ಕೆ ಕೆಪಾಸಿಟರ್ (ಕರೆಂಟನ್ನು ಹಿಡಿದಿಟ್ಟು ಏರಿಳಿತ ತಗ್ಗಿಸುವ ಬಿಡಿಭಾಗ) ಮದ್ದು, ಎರಡನೆಯದಕ್ಕೆ ಚಿಪ್‌ನಿಂದ ನೇರ ತಂತಿ.

ಯಾವ ಡಬ್ಬಿಗೆ ಆಗುತ್ತದೆ?

ತಳದ ಸ್ಕ್ರೂ ಬಿಚ್ಚಿ ಬೋರ್ಡ್ ನೋಡಿ. 40 ಕಾಲಿನ ಎರಡು ಉದ್ದ ಚಿಪ್‌ಗಳಿದ್ದರೆ ಅದೃಷ್ಟ ಒಳ್ಳೆಯದು. ಒಂದರ ಮೇಲೆ ಯುಎ 6527ಪಿ ಎಂದು ಬರೆದಿರುತ್ತದೆ, ದನಿ ಹುಟ್ಟುವುದು ಅದರಲ್ಲಿ. ಇನ್ನೊಂದು, 6538, ಚಿತ್ರದ್ದು. ಚಿಪ್‌ಗಳ ಬದಲು ಕರಿ ಟಾರಿನ ಬೊಟ್ಟಿನಂಥದ್ದು ಇದ್ದರೆ ಎಲ್ಲವೂ ಅದರೊಳಗೇ ಅಡಗಿದೆ. ಅಂಥದ್ದರಲ್ಲಿ ಸ್ಟೀರಿಯೊ ಆಸೆ ಬಿಡಿ, ಕರೆಂಟಿನ ರಿಪೇರಿಯಷ್ಟೇ ಮಾಡಿ.

ಸೆಗಾ ಮೆಗಾ ಡ್ರೈವ್‌ನ ಮೊದಲ ಮಾಡೆಲ್ ಇದ್ದವರು ಏನನ್ನೂ ಬಿಚ್ಚಬೇಕಿಲ್ಲ. ಅದರ ಹಿಂದಿನ ಎವಿ ಸಾಕೆಟ್ ಮೋನೊ, ಮುಂದಿನ ಹೆಡ್‌ಫೋನ್ ಸಾಕೆಟ್ ಸ್ಟೀರಿಯೊ. ಮುಂದಿನಿಂದ ಒಂದು ತಂತಿ ಎಳೆದರೆ ಮುಗಿಯಿತು. ವಾಲ್ಯೂಮ್ ಸರಿಸುವ ಕಡ್ಡಿ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ಆಡಿಸಿ.

ಸಾಮಾನು

1 ಕೆ, ಅಂದರೆ ಸಾವಿರ ಓಮ್‌ನ ರೆಸಿಸ್ಟರ್ ಎರಡು (ಕಂದು, ಕಪ್ಪು, ಕೆಂಪು), 2.2 ಕೆ ಒಂದು (ಮೂರೂ ಕೆಂಪು), 100 ಕೆ ಎರಡು (ಕಂದು, ಕಪ್ಪು, ಹಳದಿ), 100 ಓಮ್ ಎರಡು. 10 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಎರಡು, 2200 ಮೈಕ್ರೋಫ್ಯಾರಡ್ 25 ವೋಲ್ಟ್ ಒಂದು, 220 ಮೈಕ್ರೋಫ್ಯಾರಡ್ 16 ವೋಲ್ಟ್ ಒಂದು, 104 ಎಂದು ಬರೆದ ಡಿಸ್ಕ್ ಕೆಪಾಸಿಟರ್ ಎರಡು. 3.5 ಎಂಎಂ ಸ್ಟೀರಿಯೊ ಸಾಕೆಟ್ ಒಂದು, ಮೇಲೆ ಜಾಲರಿ ಸುತ್ತಿದ ಎರಡೆಳೆ ಶೀಲ್ಡ್ ವೈರ್ ಒಂದು ಅಡಿ. ಇವೆಲ್ಲ ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಕಲಬುರಗಿಯವರು ಸೂಪರ್ ಮಾರ್ಕೆಟ್ ಕಡೆ ಕೇಳಿ ನೋಡಿ. ಕೆಪಾಸಿಟರ್‌ಗೆ ಕಂಡೆನ್ಸರ್ ಎಂದರೂ ಕೊಡುತ್ತಾರೆ. ಆದರೆ ಮೈಮೇಲೆ 105 ಡಿಗ್ರಿ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ಎಲೆಕ್ಟ್ರೊಲಿಟಿಕ್ (ಪ್ಲಸ್-ಮೈನಸ್ ಇರುವ ದುಂಡನೆಯ) ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆ ಹೊರಗೇ 40 ದಾಟುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಒಳಗಿನ ಝಳ ಇನ್ನೂ ಹೆಚ್ಚು. ಹಳೆಯ 85 ಡಿಗ್ರಿಯವು ಒಣಗಿ ಸತ್ತದ್ದು ಹಾಗೆಯೇ.

ಮೊದಲು ಕರೆಂಟ್

ಪೆನ್ಸಿಲ್ ಸೆಲ್ ಆರನ್ನು ಸಾಲಾಗಿ ಜೋಡಿಸಿದರೆ 9 ವೋಲ್ಟ್. ಅಡಾಪ್ಟರ್ ಬದಲು ಅದರ ಮೇಲೆ ಡಬ್ಬಿ ನಡೆಸಿ. ಈ ಡಬ್ಬಿಗಳಲ್ಲಿ ಕೆಲವಕ್ಕೆ ಪಿನ್‌ನ ನಡುಭಾಗ ಪ್ಲಸ್, ಕೆಲವಕ್ಕೆ ಮೈನಸ್. ಆದ್ದರಿಂದ ಅಡಾಪ್ಟರ್‌ನ ಪಿನ್ ಅನ್ನು ಮಲ್ಟಿಮೀಟರ್‌ನಲ್ಲಿ ಅಳೆದೇ ತಂತಿ ಜೋಡಿಸಿ. ಚೌಕದ ಸಣ್ಣ 9 ವೋಲ್ಟ್ ಬ್ಯಾಟರಿ ಇಷ್ಟು ಕರೆಂಟ್ ಕೊಡಲಾರದು. ಸೆಲ್ ಮೇಲೆ ನಡೆಸಿದಾಗ ಗುಂಯ್ ನಿಂತುಹೋದರೆ ಕಳ್ಳ ಸಿಕ್ಕಂತೆ: ಅಡಾಪ್ಟರ್‌ನಿಂದ ಬರುವ ಕರೆಂಟು.

ಕಾರಣ ಹೀಗಿದೆ. ಡಬ್ಬಿಯೊಳಗಿನ 7805 ರೆಗ್ಯುಲೇಟರ್ (ಬಂದ ವೋಲ್ಟನ್ನು ಇಳಿಸಿ ಸ್ಥಿರವಾಗಿಡುವ ಮೂರು ಕಾಲಿನ ಬಿಡಿಭಾಗ) 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಕನಿಷ್ಠ 7 ವೋಲ್ಟ್ ಒಳಹರಿವು ಬೇಕು. ಸಂಜೆ ಎಲ್ಲರ ಮನೆಯ ಕೂಲರ್ ಒಟ್ಟಿಗೆ ತಿರುಗುವಾಗ 230 ಇರಬೇಕಾದ ಕಡೆ 180 ವೋಲ್ಟ್ ಬಂದರೆ, ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ನ 9 ವೋಲ್ಟ್ ಸರಿಯಾಗಿ 7ಕ್ಕೆ ಇಳಿಯುತ್ತದೆ. ಅದರ ಮೇಲೆ ಸೆಕೆಂಡಿಗೆ 100 ಸಲದ ಏರಿಳಿತ ಬೇರೆ. ತಗ್ಗಿದ ಪ್ರತಿ ಗಳಿಗೆಯಲ್ಲೂ ರೆಗ್ಯುಲೇಟರ್ ಕೈಬಿಡುತ್ತದೆ, ಅದೇ ಕಿವಿಗೆ ಗುಂಯ್ ಎಂದು ಕೇಳುವುದು. ಡಬ್ಬಿ 300 ಮಿಲಿ ಆಂಪಿಯರ್ ಎಳೆಯುವಾಗ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಏರಿಳಿತ 3 ವೋಲ್ಟ್‌ವರೆಗೂ ಹೋಗಬಹುದು. 2200 ಹಾಕಿದರೆ ಒಂದೂವರೆಯೊಳಗೆ ನಿಲ್ಲುತ್ತದೆ.

7805ರ ಬರಹ ನಿಮ್ಮತ್ತ ಇದ್ದಾಗ ಎಡಗಾಲು ಒಳಹರಿವು, ನಡುವಿನದು ಗ್ರೌಂಡ್ (ಬೋರ್ಡಿನ ಮೈನಸ್), ಬಲಗಾಲು 5 ವೋಲ್ಟ್. ಎಡಗಾಲಿನ ಬಳಿಯ ಹಳೆ ಕೆಪಾಸಿಟರ್ ತೆಗೆದು 2200 ಹಾಕಿ, ಬಲಗಾಲಿನ ಬಳಿ 220 ಹಾಕಿ. ಎರಡು ಕಡೆಯೂ ಕಾಲಿನಿಂದ ಗ್ರೌಂಡ್‌ಗೆ ಒಂದೊಂದು 104 ಡಿಸ್ಕ್ ಹಚ್ಚಿ. ಕೆಪಾಸಿಟರ್‌ನ ಮೈಮೇಲಿನ ಬಿಳಿ ಪಟ್ಟಿ ಮೈನಸ್; ತಿರುಗಿಸಿ ಹಾಕಿದರೆ ಉಬ್ಬಿ ಒಡೆಯುತ್ತದೆ.

ಅಡಾಪ್ಟರ್ ಹೆಚ್ಚು ವೋಲ್ಟ್ ಕೊಟ್ಟರೂ ಕಷ್ಟವೇ. 13 ವೋಲ್ಟ್ ಬಂದರೆ 7805 ತನ್ನ ಮೈಮೇಲೆ 2.4 ವ್ಯಾಟ್ ಬಿಸಿ ಹೊರಬೇಕು, 9 ಬಂದರೆ 1.2 ವ್ಯಾಟ್ ಅಷ್ಟೆ. ಅದರ ಬೆನ್ನಿಗಿರುವ ಹೀಟ್ ಸಿಂಕ್ (ಬಿಸಿ ಹೀರುವ ಲೋಹದ ತಗಡು) ಸಡಿಲವಿದ್ದರೆ ಬಿಗಿ ಮಾಡಿ. 9 ವೋಲ್ಟ್ 1 ಆಂಪಿಯರ್‌ನ ಒಳ್ಳೆಯ ಎಸ್‌ಎಂಪಿಎಸ್ ಅಡಾಪ್ಟರ್ ತಂದರೆ ವೋಲ್ಟೇಜ್ ಏರಿಳಿತದ ಚಿಂತೆಯೇ ತಪ್ಪುತ್ತದೆ. ನಮ್ಮ ಸಲಹೆ ಅದೇ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಝುಯ್ ಎಂದರೆ ಅದು ಇನ್ವರ್ಟರ್‌ನ ಗುಣ, ಡಬ್ಬಿಯಲ್ಲಿ ಹುಡುಕಬೇಡಿ.

ಒಂದು ಮತ್ತು ಎರಡನೇ ಕಾಲು

6527ರ ಒಂದು ತುದಿಯಲ್ಲಿ ಅರ್ಧಚಂದ್ರದ ಗುರುತಿದೆ. ಅದನ್ನು ಮೇಲಕ್ಕೆ ಹಿಡಿದರೆ ಎಡಸಾಲಿನ ಮೊದಲ ಕಾಲು 1, ಅದರ ಕೆಳಗಿನದು 2. ಎಡಸಾಲಿನ ಕಟ್ಟಕಡೆಯದು 20, ಅದು ಗ್ರೌಂಡ್. 1ರ ಎದುರಿನದು 40, ಅಲ್ಲಿ 5 ವೋಲ್ಟ್. ಬೆಸುಗೆ ಹಚ್ಚುವುದು ಬೋರ್ಡಿನ ಅಡಿಯಲ್ಲಿ, ಮಗುಚಿದಾಗ ಎಡ ಬಲವಾಗುತ್ತದೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದೇ: 1 ಎಂದುಕೊಂಡು 40ಕ್ಕೆ ಹಚ್ಚಿ 5 ವೋಲ್ಟನ್ನು ದನಿಯ ದಾರಿಗೆ ಬಿಡುವುದು. ಮಗುಚಿದ ಮೇಲೆ 20ನೇ ಕಾಲಿಗೂ 7805ರ ಲೋಹದ ಬೆನ್ನಿಗೂ ಮೀಟರ್ ಬೀಪ್ ಎನ್ನುತ್ತದೆಯೇ ನೋಡಿ, ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ.

1ನೇ ಕಾಲಿನಲ್ಲಿ ಎರಡೂ ಪಲ್ಸ್, 2ನೆಯದರಲ್ಲಿ ಉಳಿದ ಮೂರು ದನಿ. ಪ್ರತಿ ಕಾಲಿನಿಂದ ಗ್ರೌಂಡ್‌ಗೆ ಬೋರ್ಡಿನಲ್ಲೇ 100 ಓಮ್ ರೆಸಿಸ್ಟರ್ ಇರುತ್ತದೆ. ಕರೆಂಟ್ ತೆಗೆದು 1 ಮತ್ತು 2ರ ನಡುವೆ ಅಳೆಯಿರಿ. ಸುಮಾರು 200 ಓಮ್ ಬಂದರೆ ಎರಡೂ ಬೇರೆ ಬೇರೆ ಇವೆ, ಮುಂದುವರಿಯಿರಿ. ಸೊನ್ನೆ ಬಂದರೆ ತಯಾರಿಸಿದವರು ಖರ್ಚು ಉಳಿಸಲು ಎರಡನ್ನೂ ಕೂಡಿಸಿದ್ದಾರೆ. ಆಗ ನಡುವಿನ ತಾಮ್ರದ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ ಮತ್ತೆ ಎರಡು ಕಾಲುಗಳಿಂದಲೂ ಗ್ರೌಂಡ್‌ಗೆ ಅಳೆಯಿರಿ. 100 ಓಮ್ ತೋರಿಸದ ಕಾಲಿಗೆ ತಂದಿಟ್ಟ ರೆಸಿಸ್ಟರ್ ಹಚ್ಚಿ.

ಹಳೆಯ ಮೋನೊ ದಾರಿಯನ್ನು ಕತ್ತರಿಸಬೇಕೆಂದು ಹೇಳುವವರಿದ್ದಾರೆ. ಬೇರೆ ಬೇರೆ ಕಾಲುಗಳಿರುವ ಬೋರ್ಡಿನಲ್ಲಿ ಅದು ಬೇಕಿಲ್ಲ. ಆ ದಾರಿಯ ರೆಸಿಸ್ಟರ್‌ಗಳು ಹತ್ತಾರು ಸಾವಿರ ಓಮ್‌ನವು, ಕಾಲಿನಲ್ಲಿರುವುದು 100 ಓಮ್. ಸೋರಿಕೆ ಕಿವಿಗೆ ತಿಳಿಯುವಷ್ಟಿಲ್ಲ.

ಜೋಡಣೆ

1ನೇ ಕಾಲಿನಿಂದ 1 ಕೆ, ಅದರ ಮುಂದೆ 10 ಮೈಕ್ರೋಫ್ಯಾರಡ್, ಅಲ್ಲಿಂದ ಶೀಲ್ಡ್ ವೈರ್‌ನ ಒಂದು ಎಳೆ, ಕೊನೆಗೆ ಸಾಕೆಟ್‌ನ ತುದಿ ಅಂದರೆ ಎಡ. 2ನೇ ಕಾಲಿನಿಂದಲೂ ಹಾಗೆಯೇ, ಸಾಕೆಟ್‌ನ ನಡು ಉಂಗುರಕ್ಕೆ, ಅಂದರೆ ಬಲಕ್ಕೆ. ಕೆಪಾಸಿಟರ್‌ನ ಪ್ಲಸ್ ಚಿಪ್‌ನ ಕಡೆಗಿರಲಿ. ಜಾಲರಿಯ ಒಂದು ತುದಿ 20ನೇ ಕಾಲಿಗೆ, ಇನ್ನೊಂದು ಸಾಕೆಟ್‌ನ ಬುಡಕ್ಕೆ. ಗ್ರೌಂಡನ್ನು 7805ರ ಬಳಿ ತೆಗೆದುಕೊಂಡರೆ ಅಲ್ಲಿನ ಕರೆಂಟಿನ ಗದ್ದಲವೂ ಜೊತೆಗೆ ಬರುತ್ತದೆ. ಸಾಕೆಟ್‌ನ ಎಡ-ಬಲ ಎರಡರಿಂದಲೂ ಬುಡಕ್ಕೆ ಒಂದೊಂದು 100 ಕೆ ಹಚ್ಚಿ, ಪಿನ್ ಚುಚ್ಚಿದಾಗ ಟಪ್ ಎನ್ನುವುದು ತಪ್ಪುತ್ತದೆ.

10ರ ಬದಲು ಕೈಗೆ ಸಿಕ್ಕ 104 ಡಿಸ್ಕ್ ಹಾಕಿದರೆ ದನಿ ಬರುತ್ತದೆ, ಮಂದ್ರ ಹೋಗುತ್ತದೆ. 10 ಕೆ ಒಳರೋಧದ ಆಂಪ್ಲಿಫೈಯರ್‌ಗೆ ಅದು ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡುತ್ತದೆ. ಟ್ರಯಾಂಗಲ್‌ನ ಸೊಗಸೆಲ್ಲ ಇರುವುದು ಆ ತಳದಲ್ಲೇ. 10 ಮೈಕ್ರೋಫ್ಯಾರಡ್ ಇದ್ದರೆ 2 ಹರ್ಟ್ಸ್‌ಗಿಂತ ಕೆಳಗಿನದಷ್ಟೇ ಹೋಗುತ್ತದೆ.

ಇನ್ನು 2.2 ಕೆ. ರಾಗ ಪೂರ್ತಿ ಒಂದು ಕಿವಿಗೆ, ತಾಳ ಪೂರ್ತಿ ಇನ್ನೊಂದಕ್ಕೆ ಬಿದ್ದರೆ ಹೆಡ್‌ಫೋನ್‌ನಲ್ಲಿ ಹತ್ತು ನಿಮಿಷಕ್ಕೆ ತಲೆ ಭಾರವಾಗುತ್ತದೆ. ಎರಡೂ 1 ಕೆಗಳು ಮುಗಿದು ಕೆಪಾಸಿಟರ್ ಶುರುವಾಗುವ ಜಾಗಗಳ ನಡುವೆ 2.2 ಕೆ ಸೇತುವೆ ಕಟ್ಟಿ. ಆಗ ಒಂದು ಬದಿಯ ದನಿಯ ಮೂರನೇ ಒಂದು ಪಾಲಿನಷ್ಟು ಇನ್ನೊಂದು ಬದಿಯಲ್ಲೂ ಕೇಳುತ್ತದೆ. 10 ಕೆ ಹಾಕಿದರೆ ದಾಟುವುದು ಹನ್ನೊಂದನೇ ಒಂದು ಪಾಲು, ಅದು ಸಾಲದು.

ಬೆಸುಗೆಗೆ 25 ವ್ಯಾಟ್ ಐರನ್, ಒಳಗೆ ರಾಳವಿರುವ 60/40 ವೈರ್ ಸಾಕು. ಒಂದು ಕಾಲಿಗೆ ಎರಡು-ಮೂರು ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ, ತಾಮ್ರದ ಗೆರೆ ಮೇಲೆದ್ದು ಬರುತ್ತದೆ. ಒಂದು ಮಾತು ಒತ್ತಿ ಹೇಳಬೇಕು: ಕಲಾಯಿಯವರು ಬಳಸುವ ನವಸಾಗರವನ್ನಾಗಲಿ, ಆಸಿಡ್ ಪೇಸ್ಟನ್ನಾಗಲಿ ಬೋರ್ಡಿಗೆ ಮುಟ್ಟಿಸಬೇಡಿ. ಬೀದರಿನ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಬಿದ್ರಿ ಪಾತ್ರೆಯ ಸತುವನ್ನು ಕಪ್ಪಾಗಿಸುತ್ತಾರೆ. ಲೋಹದ ಮೇಲೆ ಅಷ್ಟು ಬಲವಾಗಿ ಕೆಲಸ ಮಾಡುವ ಉಪ್ಪು ಅದು. ಬೋರ್ಡಿನಲ್ಲಿ ಉಳಿದರೆ ಮೊದಲ ಮಳೆಗಾಲದ ತೇವಕ್ಕೇ ತಾಮ್ರದ ಗೆರೆ ಹಸಿರುಗಟ್ಟಿ ತಿಂದುಹೋಗುತ್ತದೆ.

ಕೇಳಿ ನೋಡಿ

ಕರೆಂಟ್ ಕೊಟ್ಟು, ಏನನ್ನೂ ಹಚ್ಚದೆ ಸಾಕೆಟ್‌ನ ಎಡ-ಬಲಗಳಲ್ಲಿ ಡಿಸಿ ಅಳೆಯಿರಿ. ಒಂದೆರಡು ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಕೆಪಾಸಿಟರ್ ಉಲ್ಟಾ ಇದೆ ಅಥವಾ ಸೋರುತ್ತಿದೆ. ನಂತರ ಹೋಮ್ ಥಿಯೇಟರ್‌ನ ಆಕ್ಸ್‌ಗೆ ಹಚ್ಚಿ. ದನಿ ಟಿವಿಗಿಂತ ಮೆಲ್ಲಗಿರುತ್ತದೆ. ಬೋರ್ಡಿನ ಒಳ ಆಂಪ್ಲಿಫೈಯರ್ ಅನ್ನು ನಾವು ಬಳಸುತ್ತಿಲ್ಲವಲ್ಲ, ವಾಲ್ಯೂಮ್ ಏರಿಸಿದರಾಯಿತು.

ಸೂಪರ್ ಮಾರಿಯೋ ಬ್ರದರ್ಸ್ ಕ್ಯಾಸೆಟ್ ಇದ್ದರೆ ಪರೀಕ್ಷೆ ಸುಲಭ. ಕಾಸು ಹಿಡಿದಾಗಿನ ಟಿಂಗ್ ಪಲ್ಸ್‌ನದು, ಎಡದಲ್ಲಿ ಜೋರಾಗಿ ಕೇಳಬೇಕು. ದೊಡ್ಡವನಾದ ಮಾರಿಯೋ ಇಟ್ಟಿಗೆ ಒಡೆದಾಗಿನ ಖರ್ರ್ ನಾಯ್ಸ್‌ನದು, ಬಲದಲ್ಲಿ. ಎರಡೂ ಕಡೆ ಸಮನಾಗಿ ಕೇಳಿದರೆ ಎಲ್ಲೋ ಸೋಲ್ಡರ್ ಸೇತುವೆಯಾಗಿ 1-2 ಕೂಡಿಕೊಂಡಿವೆ. ಕೆಲವು ನಕಲಿ ಚಿಪ್‌ಗಳಲ್ಲಿ ಪಲ್ಸ್‌ನ 25 ಮತ್ತು 50 ಶೇಕಡಾ ಅಲೆಗಳು (ಪ್ರತಿ ಸುತ್ತಿನಲ್ಲಿ ಅಲೆ ಎಷ್ಟು ಪಾಲು ಮೇಲಿರುತ್ತದೆ ಎಂಬ ಲೆಕ್ಕ) ಅದಲುಬದಲಾಗಿವೆ. ರಾಗದ ಬಣ್ಣ ಬೇರೆಯೆನಿಸಿದರೆ ಅದು ಚಿಪ್‌ನೊಳಗಿನ ಮಾತು, ಬೆಸುಗೆಯಿಂದ ಸರಿಹೋಗದು.

ಟಿವಿ ಮತ್ತು ಹೋಮ್ ಥಿಯೇಟರ್ ಎರಡಕ್ಕೂ ಹಚ್ಚಿದಾಗ ಮಾತ್ರ ಹೊಸದಾಗಿ ಗುಂಯ್ ಶುರುವಾದರೆ ಟಿವಿಗೆ ಬರುವ ಕೇಬಲ್ ಅಥವಾ ಡಿಶ್ ತಂತಿಯನ್ನು ಎಳೆದು ನೋಡಿ. ನಿಂತಿತೆಂದರೆ ಎರಡು ಕಡೆಯ ಅರ್ಥ್ ಸೇರಿ ಸುತ್ತು ಹಾಕುತ್ತಿವೆ. ಕೆಲವರು ಮೂರು ಪಿನ್ ಪ್ಲಗ್ಗಿನ ಅರ್ಥ್ ಕಡ್ಡಿ ಕತ್ತರಿಸುತ್ತಾರೆ. ಅದು ಜೀವಕ್ಕೆ ಅಪಾಯ, ಮಾಡಲೇಬೇಡಿ. ಕಾರ್ ಸ್ಟೀರಿಯೊ ಅಂಗಡಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನು ಆಕ್ಸ್ ತಂತಿಯ ನಡುವೆ ಹಾಕಿ. ಹಳೆಯ ದಪ್ಪ ಟಿವಿಯ ಬೆನ್ನನ್ನೂ ದನಿಗಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ.

ಸಾಕೆಟ್ ಕೂರಿಸಲು ಡಬ್ಬಿಯ ಹಿಂಬದಿಯಲ್ಲಿ 6 ಎಂಎಂ ರಂಧ್ರ ಕೊರೆಯಿರಿ, ಆಂಟೆನಾ ತಂತಿ ಹೊರಡುವ ಒಳಗಿನ ಲೋಹದ ಪೆಟ್ಟಿಗೆಯಿಂದ ಆದಷ್ಟು ದೂರ. ಶೀಲ್ಡ್ ವೈರ್ 7805ರ ಹೀಟ್ ಸಿಂಕ್‌ಗೆ ತಾಗದಂತೆ ಅಂಚಿನಲ್ಲಿ ಒಯ್ದು ಟೇಪ್ ಹಚ್ಚಿ. ಇಲ್ಲವಾದರೆ ಏಪ್ರಿಲ್ ಬರುವಷ್ಟರಲ್ಲಿ ಅದರ ಪ್ಲಾಸ್ಟಿಕ್ ಕರಗಿ ಜಾಲರಿ ಹೊರಬಿದ್ದಿರುತ್ತದೆ.