ದಂಡೆಗೆ ಬಿದ್ದ ಕಡಲಹಕ್ಕಿ ಸಿಕ್ಕರೆ ಏನು ಮಾಡಬೇಕು

ನಾಲ್ಕು ವರ್ಷದ ಹಿಂದೆ, ಜುಲೈಯಲ್ಲಿ, ಮುಂಬಯಿಯ ವರ್ಸೋವಾ ಬೀಚಿನಲ್ಲಿ ಬೆಳಗಿನ ವಾಕಿಂಗ್. ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಹಕ್ಕಿಯೊಂದು ಮರಳಲ್ಲಿ ಮುದುರಿ ಕೂತಿತ್ತು. ಸುತ್ತ ನಾಲ್ಕು ನಾಯಿ, ಆರು ಮೊಬೈಲು. 'ಸಮುದ್ರದ ಹಕ್ಕಿ ಅಲ್ವಾ, ನೀರಿಗೆ ಬಿಡಿ' ಎಂದರು ಯಾರೋ. ನಾನೇ ಎತ್ತಿ ಅಲೆಗೆ ಬಿಟ್ಟೆ. ಐದು ನಿಮಿಷದಲ್ಲಿ ಅದೇ ನೀರು ಅದನ್ನು ಹೆಣ ಮಾಡಿ ವಾಪಸ್ ತಂದು ಹಾಕಿತು.

ಹಾಗಾಗಿ ಮೊದಲನೆಯದು: ನೀರಿಗೆ ಬಿಡಬೇಡಿ.

ಅದು ಸೂಟಿ ಟರ್ನ್ ಎಂದು ಆಮೇಲೆ ಗೊತ್ತಾಯಿತು. ನಮ್ಮ ಹೊಳೆ ರೀವ (ರಿವರ್ ಟರ್ನ್) ಹಕ್ಕಿಯ ಬಳಗ. ಇದರ ಗರಿ ನೀರನ್ನು ಸರಿಯಾಗಿ ತಡೆಯುವುದಿಲ್ಲ, ಸಮುದ್ರದ ಮೇಲೆ ಕೂತರೆ ನೆನೆದು ಹೋಗುತ್ತದೆ. ಅದಕ್ಕೇ ಹಾರಲು ಕಲಿತ ಮರಿ ಒಮ್ಮೆ ಕಡಲಿಗೆ ಹೊರಟರೆ ವರ್ಷಗಟ್ಟಲೆ ಗಾಳಿಯಲ್ಲೇ ಇರುತ್ತದೆ. ನೆಲಕ್ಕೆ ಇಳಿಯುವುದು ಮೊಟ್ಟೆ ಇಡುವ ವಯಸ್ಸಿಗೆ. ಆ ನೆಲವಾದರೂ ಎಷ್ಟು? ಲಕ್ಷದ್ವೀಪದಲ್ಲಿ ಇವು ಮರಿ ಮಾಡುವ ಪಿಟ್ಟಿ ದ್ವೀಪ ಕವರತ್ತಿಯಿಂದ ಸುಮಾರು 24 ಕಿ.ಮೀ. ದೂರ. ಬರೀ ಮೂರು ಎಕರೆಯಷ್ಟು ಮರಳು ದಿಬ್ಬ. ಮರವಿಲ್ಲ, ಮನೆಯಿಲ್ಲ. ಅಂಥ ಹಕ್ಕಿ ಮುಂಬಯಿಯ ದಂಡೆಯಲ್ಲಿ ಕೂತಿದೆ ಎಂದರೆ ಮಳೆಗಾಲದ ಗಾಳಿಗೆ ಸೋತು ಬಿದ್ದಿದೆ ಎಂದೇ ಲೆಕ್ಕ.

ಮೊದಲು ನಾಯಿಗಳನ್ನು ಓಡಿಸಿ. ಸೆಲ್ಫಿಯವರನ್ನೂ. ಹಿಂದಿನಿಂದ ಹೋಗಿ ಹಳೆ ಟವೆಲನ್ನು ತಲೆ ಮುಚ್ಚುವ ಹಾಗೆ ಹಾಕಿ. ಕಣ್ಣು ಕತ್ತಲಾದರೆ ಗಾಬರಿ ಕಡಿಮೆಯಾಗುತ್ತದೆ. ರೆಕ್ಕೆ ಮಡಚಿ, ಎರಡೂ ಕೈಯಲ್ಲಿ ಎತ್ತಿ ರಟ್ಟಿನ ಪೆಟ್ಟಿಗೆಗೆ ಇಡಿ. ನನ್ನದು ಹೋಟೆಲು, ಸೇಬಿನ ಪೆಟ್ಟಿಗೆಗೆ ಬರವಿಲ್ಲ. ಗಾಳಿಗೆ ತೂತು ಇರಲಿ, ಅಡಿಗೆ ಹಳೆ ಪಂಚೆ ಹಾಸಿ. ತಂತಿ ಪಂಜರ ಬೇಡ, ಗರಿ ಮುರಿಯುತ್ತದೆ. ಫ್ಯಾನಿನ ಕೆಳಗೂ ಇಡಬೇಡಿ.

ತಿನ್ನಿಸುವ ಆಸೆ ಬಿಡಿ. ನಮ್ಮ ಹುಡುಗರು ಒಮ್ಮೆ ಇಡ್ಲಿ ಚೂರು ಹಾಕಿದ್ದರು, ಪಾಪ, ಪ್ರೀತಿಯಿಂದಲೇ. ಹಾಲು, ಬ್ರೆಡ್ಡು ಏನೂ ಬೇಡ. ಬಾಯಿಗೆ ನೀರು ಹುಯ್ಯಲೇಬೇಡಿ, ಶ್ವಾಸಕೋಶಕ್ಕೆ ಇಳಿದರೆ ಮುಗಿಯಿತು. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವುದೂ ಬೇಡ.

ಇನ್ನು ಬೂಬಿ ಎಂಬ ಇನ್ನೊಂದು ಕಡಲಹಕ್ಕಿ. ಇದರ ವಿಷಯವೇ ಬೇರೆ. ಬಾತುಕೋಳಿಗಿಂತ ದೊಡ್ಡದು, ಮೈ ಬಿಳಿ, ಮುಖಕ್ಕೆ ಕಪ್ಪು ಮುಖವಾಡ, ಹಳದಿ ಕೊಕ್ಕು. ಅರಬ್ಬೀ ಸಮುದ್ರದ ಆಚೆ ದಡ, ಒಮಾನಿನ ಹಲ್ಲಾನಿಯಾತ್ ದ್ವೀಪಗಳಲ್ಲೂ ಇವು ಮರಿ ಮಾಡುತ್ತವೆ. ಸಿಕ್ಕಿಬಿದ್ದ ಬೂಬಿ ಸೀದಾ ಕಣ್ಣಿಗೇ ಕುಕ್ಕುತ್ತದೆ. ಕನ್ನಡಕ ಹಾಕಿಕೊಳ್ಳಿ. ಒಂದು ಕೈಯಲ್ಲಿ ತಲೆಯ ಹಿಂಭಾಗ ಹಿಡಿದುಕೊಳ್ಳಿ, ಕತ್ತು ಹಿಸುಕಬೇಡಿ. ಕುಕ್ಕುತ್ತದೆ ಎಂದು ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕುವವರನ್ನು ನೋಡಿದ್ದೇನೆ. ಖಂಡಿತ ಬೇಡ. ಇದಕ್ಕೆ ಹೊರಗೆ ತೆರೆದ ಮೂಗಿನ ತೂತೇ ಇಲ್ಲ. ಮೀನಿಗಾಗಿ ಮೇಲಿಂದ ನೀರಿಗೆ ಧುಮುಕುವ ಹಕ್ಕಿ, ಉಸಿರಾಡುವುದು ಬಾಯಿಯಿಂದ. ಕೊಕ್ಕು ಕಟ್ಟಿದರೆ ಉಸಿರು ಕಟ್ಟುತ್ತದೆ, ಅಷ್ಟೇ.

ಕಾಲಲ್ಲಿ ಸಂಶೋಧಕರು ತೊಡಿಸಿದ ಬಳೆಯಂಥ ಉಂಗುರ ಇದ್ದರೆ ಅದರ ನಂಬರಿನ ಫೋಟೋ ತೆಗೆದುಕೊಳ್ಳಿ, ಬಿಚ್ಚಬೇಡಿ.

ಇಷ್ಟಾದ ಮೇಲೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮರಾಠಿ ತಡವರಿಸಿದರೂ ಚಿಂತೆಯಿಲ್ಲ, 'ಪಕ್ಷಿ, ಬೀಚ್' ಅಂದರೆ ಸಾಕು. ಎರಡು ದಿನ ಮನೆಯಲ್ಲಿ ಸಾಕಿ ಬಿಡೋಣ ಅನ್ನಿಸಬಹುದು. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಅಲ್ಲದೆ ದಿನಾ ಮೀನು ತಿನ್ನಿಸಿ, ಗರಿ ಒಣಗಿಸಿ, ರೆಕ್ಕೆಗೆ ಬಲ ಬರಿಸುವುದು ನಮ್ಮ ಕೈಲಾಗುವ ಕೆಲಸವಲ್ಲ. ಕೈಯನ್ನು ಸೋಪು ಹಾಕಿ ತೊಳೆಯಿರಿ.

ಪೆಟ್ಟಿಗೆಯನ್ನು ಮಾತ್ರ ವಾಪಸ್ ಕೇಳಬೇಡಿ. ಒಮ್ಮೆ ಮನೆಗೆ ತಂದು ಬಾಲ್ಕನಿಯಲ್ಲಿಟ್ಟೆ. ಕೊಳೆತ ಬಂಗುಡೆಯ ಆ ನಾತಕ್ಕೆ ಹೆಂಡತಿ ಎರಡು ದಿನ ಮಾತಾಡಲಿಲ್ಲ.