ನೂರು ದಾಟಿದ ಕೂಡಲೇ ಸುಮ್ಮನಾದ ಸೈರನ್

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಲ್ಲಿ ಮೀಟರ್, ಸೆನ್ಸರ್, ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. ಎಷ್ಟೋ ವರ್ಷ ಲ್ಯಾಬ್‌ವ್ಯೂ ಅನ್ನುವ ಚಿತ್ರದ ಭಾಷೆ ಒಂದರಲ್ಲೇ ಪ್ರೋಗ್ರಾಂ ಮಾಡುತ್ತಿದ್ದೆ. ಆಮೇಲೆ ಸಾಲು ಸಾಲಾಗಿ ಬರೆಯುವ ಪೈಥಾನ್ ಭಾಷೆಗೆ ಬಂದೆ. ಬಂದ ಮೊದಲ ಸುಗ್ಗಿಯಲ್ಲೇ ಒಂದು ಮಿಲ್‌ನಲ್ಲಿ ಒಂದು ಡ್ರೈಯರ್ ಭತ್ತ ಕೆಟ್ಟಿತು, ತಪ್ಪು ನನ್ನ ಪ್ರೋಗ್ರಾಂನದ್ದೇ. ಡೇಟಾ ಟೈಪ್, ಅಂದರೆ ಒಂದು ಮೌಲ್ಯ ಸಂಖ್ಯೆಯೋ ಬರೀ ಅಕ್ಷರಗಳೋ ಅನ್ನುವ ಗುರುತು, ಎಂಥದ್ದು ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಆಗಲೇ.

ಅದು ಸ್ಟೀಮ್ ಅಕ್ಕಿ ಮಾಡುವ ಮಿಲ್. ಭತ್ತ ನೆನೆಸಿ, ಹಬೆ ಕೊಟ್ಟು, ಎರಡು ಸುತ್ತಿನಲ್ಲಿ ಒಣಗಿಸುತ್ತಾರೆ. ಮೊದಲ ಸುತ್ತಿನಲ್ಲಿ ಭತ್ತ ಹಸಿ ಇರುತ್ತದೆ, ಗಾಳಿ 100 ಡಿಗ್ರಿ ಹತ್ತಿರ ಇದ್ದರೂ ನಡೆಯುತ್ತದೆ. ತೇವಾಂಶ ಶೇ. 16-18ಕ್ಕೆ ಇಳಿದ ಮೇಲೆ ಹಾಗಲ್ಲ, ಗಾಳಿ 75 ಡಿಗ್ರಿ ಒಳಗೇ ಇರಬೇಕು. ಜಾಸ್ತಿಯಾದರೆ ಕಾಳಿನೊಳಗೆ ಬಿರುಕು ಬೀಳುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ಮಿಲ್ಲಿಗೆ ಹಾಕಿದಾಗ ನುಚ್ಚು ಬೀಳುತ್ತದೆ. ಅದಕ್ಕೇ ಎರಡನೇ ಸುತ್ತಿಗೆ ಒಂದು ಸೈರನ್ ಇಟ್ಟಿದ್ದೆ. ಗಾಳಿ 75 ದಾಟಿದರೆ ಕೂಗಬೇಕು, ಅಷ್ಟೇ.

ಇದೇ ಕೆಲಸವನ್ನು ಮೊದಲು ಲ್ಯಾಬ್‌ವ್ಯೂನಲ್ಲಿ ಮಾಡಿದ್ದೆ. ಅದು ಹೊಸದೇನಲ್ಲ, 1986ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಅಂತ ಬಂದದ್ದು. ಅದರಲ್ಲಿ ಸಾಲು ಸಾಲು ಬರೆಯುವುದಿಲ್ಲ, ಬ್ಲಾಕ್ ಇಟ್ಟು ವೈರ್ ಎಳೆಯುತ್ತೀರಿ. ವೈರಿನ ಬಣ್ಣವೇ ಅದರ ಟೈಪ್. ದಶಾಂಶ ಇರುವ ಸಂಖ್ಯೆಗೆ ಕಿತ್ತಳೆ, ಪೂರ್ಣಾಂಕಕ್ಕೆ ನೀಲಿ, ಹೌದು-ಅಲ್ಲ ಅನ್ನುವುದಕ್ಕೆ ಹಸಿರು, ಅಕ್ಷರಗಳ ಸ್ಟ್ರಿಂಗ್‌ಗೆ ಗುಲಾಬಿ. ತಾಪಮಾನದ ಮೀಟರ್ ಸೀರಿಯಲ್ ಕೇಬಲ್‌ನಲ್ಲಿ ಕಳಿಸುವುದು ಅಕ್ಷರಗಳನ್ನು, ಅಂದರೆ ಗುಲಾಬಿ ವೈರ್. ಅದನ್ನು ತಂದು 75 ಅನ್ನುವ ಸಂಖ್ಯೆಯ ಜೊತೆ ಹೋಲಿಸಲು ಹೋದರೆ ವೈರ್ ತುಂಡಾಗಿ, ಮೇಲೆ ಕೆಂಪು ಗುಣಿಸು ಗುರುತು ಬೀಳುತ್ತದೆ. ರನ್ ಬಾಣವೂ ಮುರಿದು ನಿಲ್ಲುತ್ತದೆ, ಪ್ರೋಗ್ರಾಂ ಓಡುವುದೇ ಇಲ್ಲ. ಹಾಗಾಗಿ ನಡುವೆ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಬ್ಲಾಕ್ ಇಡಲೇಬೇಕು. ಅದರ ಒಂದು ಕಡೆ ಗುಲಾಬಿ ಒಳಗೆ ಹೋಗುತ್ತದೆ, ಇನ್ನೊಂದು ಕಡೆ ಕಿತ್ತಳೆ ಹೊರಗೆ ಬರುತ್ತದೆ. ನಾನು ಅದನ್ನು ನೂರಾರು ಸಲ ಇಟ್ಟಿದ್ದೇನೆ, ಯಾಕೆ ಅಂತ ಒಮ್ಮೆಯೂ ಕೂತು ಯೋಚಿಸಿರಲಿಲ್ಲ. ಬಣ್ಣ ಹೊಂದಲಿಲ್ಲ, ಇಟ್ಟೆ.

ಮಿಲ್ ಸಾಹುಕಾರರಿಗೆ ಲ್ಯಾಬ್‌ವ್ಯೂ ಲೈಸೆನ್ಸ್ ಖರ್ಚು ಬೇಡವಾಗಿತ್ತು. ಒಂದು ಚಿಕ್ಕ ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) ತಂದು ಪೈಥಾನ್‌ನಲ್ಲಿ ಬರೆದುಕೊಟ್ಟೆ. ಮೀಟರಿನಿಂದ ಒಂದು ಸಾಲು ಓದು, 75 ಅನ್ನುವ ಮಿತಿಯನ್ನು ಸೆಟ್ಟಿಂಗ್ ಫೈಲ್‌ನಿಂದ ಓದು, ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ಸೈರನ್ ಹಾಕು. ನೋಡಲು ಎಷ್ಟು ಸರಳ ಅಲ್ವಾ? ಹಾಟ್ ಏರ್ ಗನ್ ಹಿಡಿದು ತಾಪ ಅಳೆಯುವ ಥರ್ಮೋಕಪಲ್ ವೈರ್ ಬಿಸಿ ಮಾಡಿ 90ರವರೆಗೆ ಏರಿಸಿದೆ. ಸೈರನ್ ಕೂಗಿತು. ಖುಷಿಯಿಂದ ಮನೆಗೆ ಬಂದೆ.

ಮೂರು ವಾರದ ನಂತರ ರಾತ್ರಿ ಹನ್ನೊಂದಕ್ಕೆ ಡ್ರೈಯರ್ ನೋಡಿಕೊಳ್ಳುವ ಅಣ್ಣನ ಫೋನ್ ಬಂತು. ಕುಲುಮೆಗೆ ಹೊಟ್ಟು ಜಾಸ್ತಿ ಬಿದ್ದಿತ್ತಂತೆ. "ಸರ್, ಸೈರನ್ ಒದರಾಕತ್ತಿತ್ತು, ನಾ ಬರೂದ್ರಾಗ ತಾನೇ ಬಂದ್ ಆತು. ಯಾರೋ ಸರಿ ಮಾಡ್ಯಾರ ಅನಕೊಂಡು ಹೊಳ್ಳಿ ಹೋದ್ನಿರಿ. ಇಪ್ಪತ್ತು ಮಿನಿಟ್ ಆದಮ್ಯಾಗ ಮತ್ತ ಒದರಾಕತ್ತು. ನೆಲ್ಲು ಮುಟ್ಟಿದ್ರ ಕೈ ಸುಡಾಕತೈತ್ರಿ."

ಬೆಳಿಗ್ಗೆ ಹೋಗಿ ಪ್ರೋಗ್ರಾಂ ಎಲ್ಲ ಬರೆದಿಡುವ ಲಾಗ್ ಫೈಲ್ ತೆರೆದೆ. 74.6, ಸೈರನ್ ಇಲ್ಲ. 81.0, ಇದೆ. 93.5, ಇದೆ. 99.8, ಇದೆ. 100.2, ಇಲ್ಲ. 104.7, ಇಲ್ಲ. ಆ ಮೇಲೆ ಇಳಿಯುತ್ತಾ ಇಳಿಯುತ್ತಾ 99.6ಕ್ಕೆ ಬಂದಾಗ ಮತ್ತೆ ಇದೆ. ಗಾಳಿ ತುಂಬಾ ಬಿಸಿಯಿದ್ದಾಗಲೇ ಸೈರನ್ ಸುಮ್ಮನಿತ್ತು, ತಣ್ಣಗಾಗುತ್ತಾ ಬಂದಾಗ ಕೂಗಿತ್ತು. ಆ ಸಾಲುಗಳನ್ನು ನೋಡುತ್ತಾ ತುಂಬಾ ಹೊತ್ತು ಕೂತೆ.

ಆಗಿದ್ದು ಇಷ್ಟು. ಮೀಟರಿನಿಂದ ಬಂದದ್ದು ಸ್ಟ್ರಿಂಗ್. ಫೈಲಿನಿಂದ ಓದಿದ 75 ಕೂಡ ಸ್ಟ್ರಿಂಗ್. ಎರಡು ಸ್ಟ್ರಿಂಗ್ ಹೋಲಿಸುವಾಗ ಪೈಥಾನ್ ಡಿಕ್ಷನರಿಯಲ್ಲಿ ಪದ ಹುಡುಕಿದ ಹಾಗೆ ಎಡಗಡೆಯಿಂದ ಒಂದೊಂದೇ ಅಕ್ಷರ ನೋಡುತ್ತದೆ. 99.8ರ ಮೊದಲ ಅಕ್ಷರ 9, ಅದು 7ಕ್ಕಿಂತ ಮುಂದಿನದು, ಆದ್ದರಿಂದ ದೊಡ್ಡದು. 100.2ರ ಮೊದಲ ಅಕ್ಷರ 1, ಅದು 7ಕ್ಕಿಂತ ಹಿಂದಿನದು, ಆದ್ದರಿಂದ ಚಿಕ್ಕದು. ಚುಕ್ಕಿಯ ಮೊದಲು ಎರಡೇ ಅಂಕಿ ಇರುವವರೆಗೆ ಉತ್ತರ ಸರಿಯಾಗೇ ಬರುತ್ತದೆ, ನಾನು ಟೆಸ್ಟ್ ಮಾಡಿದ್ದೂ 90ರವರೆಗೆ ಮಾತ್ರ. ಮಿತಿಯನ್ನು ಫೈಲಿನಲ್ಲಿ ಇಡದೆ ಪ್ರೋಗ್ರಾಂನಲ್ಲೇ 75 ಅಂತ ಬರೆದಿದ್ದರೆ, ಒಂದು ಕಡೆ ಸ್ಟ್ರಿಂಗ್ ಒಂದು ಕಡೆ ಸಂಖ್ಯೆ ಆಗಿ, ಪೈಥಾನ್ 3 ಟೈಪ್ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತಿತ್ತು. ಎರಡೂ ಸ್ಟ್ರಿಂಗ್ ಆಗಿದ್ದರಿಂದ ಅದಕ್ಕೆ ತಕರಾರೇ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಲ್ಯಾಬ್‌ವ್ಯೂ ಕೂಡ ಎರಡು ಗುಲಾಬಿ ವೈರ್ ಹೋಲಿಸಲು ಬಿಡುತ್ತದೆ. ಆದರೆ ತಾಪಮಾನ ಹೋಗುವ ದಾರಿಯಲ್ಲಿ ಗುಲಾಬಿ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಪೈಥಾನ್‌ನಲ್ಲಿ 'ತಾಪ' ಅನ್ನುವ ಹೆಸರು ಮಾತ್ರ ಕಾಣುತ್ತದೆ, ಅದರೊಳಗೆ ಏನಿದೆ ಅಂತ ಕಾಣುವುದಿಲ್ಲ. ಅಲ್ಲಿ ಟೈಪ್ ಇರುವುದು ಹೆಸರಿಗಲ್ಲ, ಅದರೊಳಗಿನ ಮೌಲ್ಯಕ್ಕೆ. ಬೆಳಿಗ್ಗೆ ಸಂಖ್ಯೆ ಇದ್ದ ಹೆಸರಿನಲ್ಲಿ ಸಂಜೆ ಸ್ಟ್ರಿಂಗ್ ಇರಬಹುದು.

ಚಿತ್ರದ ಭಾಷೆಗಳೆಲ್ಲ ಹೀಗೇ ತೋರಿಸುತ್ತವೆ ಅಂತಲೂ ಅಲ್ಲ. ಅಕ್ಕನ ಮಗಳು ಕೊಪ್ಪಳದಲ್ಲಿ ಶಾಲೆಗೆ ಹೋಗುತ್ತಾಳೆ, ಅವಳು ಸ್ಕ್ರ್ಯಾಚ್ ಅನ್ನುವ, ಮಕ್ಕಳು ಬ್ಲಾಕ್ ಜೋಡಿಸಿ ಬರೆಯುವ ಭಾಷೆ ಕಲಿಯುತ್ತಿದ್ದಳು. ನನ್ನ ಲೆಕ್ಕವನ್ನೇ ಅವಳ ಹತ್ತಿರ ಮಾಡಿಸಿದೆ. 100.2 ಅಂತ ಟೈಪ್ ಮಾಡಿದಳು, 75ಕ್ಕಿಂತ ದೊಡ್ಡದಾ ಅಂತ ಕೇಳಿದರೆ ಪರದೆಯ ಮೇಲಿನ ಬೆಕ್ಕು ಹೌದು ಅಂತ ಸರಿಯಾಗೇ ಹೇಳಿತು. ಸ್ಕ್ರ್ಯಾಚ್‌ನಲ್ಲಿ ಸಂಖ್ಯೆಯೂ ಸ್ಟ್ರಿಂಗೂ ಒಂದೇ ಆಕಾರದ ದುಂಡು ತೂತಿಗೆ ಹೋಗುತ್ತವೆ, ಹೌದು-ಅಲ್ಲಕ್ಕೆ ಮಾತ್ರ ಆರು ಮೂಲೆಯ ಬೇರೆ ಆಕಾರ. ನೋಡಲು ಸಂಖ್ಯೆಯ ಹಾಗಿದ್ದರೆ ಅದೇ ಸಂಖ್ಯೆ ಅಂತ ತಿಳಿದುಕೊಳ್ಳುತ್ತದೆ. ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಅಲ್ಲಿಂದ ಪೈಥಾನ್‌ಗೆ ಬರುವ ಮಗು ಎಡವುವುದು ಇಲ್ಲೇ. ಎರಡು ಸ್ಟ್ರಿಂಗ್ ಕೂಡಿಸು ಅಂದರೆ ಪೈಥಾನ್ ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ, 5ಕ್ಕೆ 5 ಕೂಡಿಸಿದರೆ 55 ಬಂತಲ್ಲ ಮಾಮಾ ಅಂತ ಅವಳು ಕೇಳುವ ದಿನ ದೂರವಿಲ್ಲ.

ಬಣ್ಣಕ್ಕೂ ಎಲ್ಲ ಹೇಳಲು ಆಗುವುದಿಲ್ಲ. 16 ಬಿಟ್ ಪೂರ್ಣಾಂಕವೂ ನೀಲಿ, 32 ಬಿಟ್‌ದೂ ನೀಲಿ, ಯಾವುದರಲ್ಲಿ ಎಷ್ಟು ದೊಡ್ಡ ಸಂಖ್ಯೆ ಹಿಡಿಸುತ್ತದೆ ಅಂತ ಕಾಣುವುದಿಲ್ಲ. ಇನ್ನೊಂದು ಮಿಲ್‌ನಲ್ಲಿ ಆರ್ಡುಯಿನೋ ಊನೋ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡಿನಲ್ಲಿ ಚೀಲ ಎಣಿಸಲು ಇಂಟ್ (ಅಲ್ಲಿ 16 ಬಿಟ್ ಪೂರ್ಣಾಂಕ) ಅಂತ ಬರೆದಿದ್ದೆ, 32767 ಚೀಲ ಆದ ಮೇಲೆ ಲೆಕ್ಕ ಮೈನಸ್ 32768ಕ್ಕೆ ಹಾರಿತು. ಲಾಂಗ್ (32 ಬಿಟ್) ಅಂತ ಬದಲಿಸಿದೆ, ಮುಗಿಯಿತು.

ಡ್ರೈಯರ್ ಪ್ರೋಗ್ರಾಂ ಸರಿಮಾಡಲು ಹಿಡಿದದ್ದು ಎರಡೇ ಸಾಲು. ಮೀಟರಿನದು ಬಂದ ಜಾಗದಲ್ಲೇ ಫ್ಲೋಟ್, ಅಂದರೆ ದಶಾಂಶ ಸಂಖ್ಯೆ, ಮಾಡಿದೆ, ಮಿತಿಯನ್ನೂ ಓದಿದ ಜಾಗದಲ್ಲೇ ಫ್ಲೋಟ್ ಮಾಡಿದೆ. ಬಾಗಿಲು ದಾಟಿ ಒಳಗೆ ಬಂದ ಮೇಲೆ ಯಾವುದೂ ಸ್ಟ್ರಿಂಗ್ ಆಗಿ ಓಡಾಡಬಾರದು. ಪ್ರತಿ ಫಂಕ್ಷನ್‌ಗೂ (ಪ್ರೋಗ್ರಾಂನ ಒಂದೊಂದು ತುಂಡು) ಯಾವ ಟೈಪ್ ಬೇಕು ಅಂತ ಬರೆಯುತ್ತೇನೆ. ಪೈಥಾನ್ ಓಡುವಾಗ ಅದನ್ನು ನೋಡುವುದಿಲ್ಲ, ಅದಕ್ಕೆ ಮೊದಲೇ ಮೈಪೈ ಅನ್ನುವ ಟೈಪ್ ಪರೀಕ್ಷಕ ಹಾಕಿ ಚೆಕ್ ಮಾಡುತ್ತೇನೆ. ನನ್ನ ಮಟ್ಟಿಗೆ ಮುರಿದ ರನ್ ಬಾಣದ ಜಾಗದಲ್ಲಿ ಈಗ ಅದಿದೆ.

ಹಾಗೆ ಮಾಡಿದ ಎರಡನೇ ದಿನವೇ ಪ್ರೋಗ್ರಾಂ ನಿಂತಿತು. ಥರ್ಮೋಕಪಲ್ ವೈರ್ ಕಿತ್ತುಬಂದು ಮೀಟರ್ ಬರೀ ಗೆರೆಗಳನ್ನು ಕಳಿಸಿತ್ತು, ಫ್ಲೋಟ್ ಅದನ್ನು ಒಪ್ಪಲಿಲ್ಲ. ಆಗ ನೆನಪಾಯಿತು, ಲ್ಯಾಬ್‌ವ್ಯೂನ ಆ ಬ್ಲಾಕ್ ಸಂಖ್ಯೆ ಸಿಗದಿದ್ದರೆ ಸುಮ್ನೆ 0 ಕೊಡುತ್ತದೆ. ಅಂದರೆ ಅಷ್ಟು ವರ್ಷ ವೈರ್ ಕಿತ್ತಾಗಲೆಲ್ಲ ನನ್ನ ಹಳೇ ಪ್ರೋಗ್ರಾಂ ಗಾಳಿ 0 ಡಿಗ್ರಿ ಇದೆ, ಚಿಂತೆಯಿಲ್ಲ ಅಂದುಕೊಂಡಿತ್ತು. ಬಣ್ಣ ಪೂರ್ತಿ ಸರಿ, ಕಿತ್ತಳೆಯೇ. ಈಗ ಸಂಖ್ಯೆ ಬರದಿದ್ದರೂ ಸೈರನ್ ಕೂಗುವ ಹಾಗೆ ಮಾಡಿದ್ದೇನೆ, ಹಳೇ ಮಿಲ್‌ಗಳಿಗೂ ಒಂದೊಂದಾಗಿ ಹೋಗಿ ಬದಲಿಸಿ ಬಂದೆ.

ಈಗ ಯಾವ ಡ್ರೈಯರ್ ಒಪ್ಪಿಸುವ ಮೊದಲೂ ಬೇಕಾದ ತಾಪದ ಸಿಗ್ನಲ್ ಕೊಡುವ ಕ್ಯಾಲಿಬ್ರೇಟರ್ ಹಿಡಿದು 9.5, 74.9, 75.1, 99.9, 100.1 ಕೊಟ್ಟು ನೋಡುತ್ತೇನೆ. ಕೊನೆಗೆ ವೈರ್ ಕಿತ್ತು ನೋಡುತ್ತೇನೆ. ಆ ಮಿಲ್‌ನಲ್ಲಿ ಇದನ್ನು ಮಾಡುವಾಗ ಡ್ರೈಯರ್ ಅಣ್ಣ ಸೈರನ್ ಕೆಳಗೇ ನಿಂತಿದ್ದ. 100.1ಕ್ಕೆ ಕೂಗಿತು. "ನೂರಾ ಹತ್ತಕ್ಕ ಹಾಕ್ರಿ" ಅಂದ. ಹಾಕಿದೆ. ಸೈರನ್ ನಿಲ್ಲಲಿಲ್ಲ, ಅವನೂ ಪೂರ್ತಿ ಐದು ನಿಮಿಷ ಅಲ್ಲಿಂದ ಕದಲಲಿಲ್ಲ.